ಪ್ರತಿಕ್ರಿಯೆ: ಕೌನ್ಸೆಲರ್ ನಿದ್ದಿ, ಊಟದ ಬಗ್ಗೆನ ಯಾಕ ಕೇಳ್ತಾರ?

ತಂಗಿಗೆ ಮೂರು ಭೇಟಿ ಆದ್ರೂ ಕೌನ್ಸೆಲರ್ ಬರೇ ನಿದ್ದಿ, ಊಟ, ಮುಟ್ಟು ಅಂತ ಕೇಳ್ತಾರ ಅಂದೀರಿ. ಬಹುಶಃ ಆಕಿ ಸುಸ್ತು, ಬೇಸರದ ಹಿಂದ ದೇಹದ ಕಾರಣ ಐತೇನು ಅಂತ ನೋಡಾಕತ್ತಾರ. ಥೈರಾಯ್ಡ್ ಕಡಿಮೆ ಇದ್ರ, ರಕ್ತಹೀನತೆ ಅಥವಾ ವಿಟಮಿನ್ ಬಿ12 ಕೊರತೆ ಇದ್ರ ಖಿನ್ನತೆಯಂಥದೇ ಲಕ್ಷಣ ಕಾಣ್ತಾವ. ಬರೇ ಮಾತಿನಿಂದ ಇಳಿಯೂದಿಲ್ಲ. ಆದ್ರ ಪರೀಕ್ಷೆ ಮಾಡಿಸದ ಖಚಿತ ಹೇಳಾಕ ಬರೂದಿಲ್ಲ.

ಮೊದಲು ಟಿಎಸ್‌ಎಚ್ (ಥೈರಾಯ್ಡ್ ನೋಡೂ ರಕ್ತಪರೀಕ್ಷೆ), ಹಿಮೋಗ್ಲೋಬಿನ್, ಬಿ12 ಪರೀಕ್ಷೆ ಬಗ್ಗೆ ವೈದ್ಯರನ್ನ ಕೇಳ್ರಿ. ಆಮ್ಯಾಲೆ ಎರಡು ವಾರ ಆಕಿನೇ ನೋಟ್‌ಬುಕ್ಕಿನ್ಯಾಗ ಬರೀಲಿ: ಹಾಸಿಗಿಗೆ ಹೋದ ಹೊತ್ತು, ನಿದ್ದಿ ಹತ್ತಿದ ಹೊತ್ತು, ನಡುವ ಎಷ್ಟು ಸಲ ಎಚ್ಚರ ಆತು, ಎದ್ದದ್ದು, ಮಧ್ಯಾಹ್ನದ ನಿದ್ದಿ, ಕಡೇ ಚಹಾ ಎಷ್ಟಕ್ಕ. ರಾತ್ರಿ ಗಡಿಯಾರ ನೋಡಿಕೋತ ಬರೀಬಾರದು, ಅದೇ ಚಿಂತಿ ಆಗಿ ನಿದ್ದಿ ಕೆಡ್ತೈತಿ; ಮುಂಜಾನೆ ಎದ್ದು ಅಂದಾಜಿನ ಮ್ಯಾಲೆ ಬರೆದ್ರ ಸಾಕು. ನೀವು ತುಂಬಿಕೊಡಬ್ಯಾಡ್ರಿ.

ಮುಂದಿನ ಭೇಟಿಗೆ ಪರೀಕ್ಷೆಯ ವರದಿ, ನೋಟ್‌ಬುಕ್ಕು ಎರಡೂ ಒಯ್ದು, "ನಮ್ಮ ಗುರಿ ಏನು, ಎಷ್ಟು ಭೇಟಿ ಆದಮ್ಯಾಲೆ ಪರಿಶೀಲಿಸ್ತೀರಿ?" ಅಂತ ಆಕಿನೇ ಕೇಳಲಿ. ಸರಿಯಾದ ಉತ್ತರ ಸಿಗದಿದ್ರ ಬ್ಯಾರೆಯವರನ್ನ ಹುಡುಕೂದು ತಪ್ಪಲ್ಲ. ಔಷಧಿ ಬೇಕಾದ್ರ ಕೌನ್ಸೆಲರ್ ಅಲ್ಲ, ಮನೋವೈದ್ಯರಂಥ ವೈದ್ಯರೇ ಬರೀಬೇಕು. ಧಾರವಾಡದ ಮಾನಸಿಕ ಆರೋಗ್ಯ ಆಸ್ಪತ್ರೆ ಡಿಮ್ಹಾನ್ಸ್‌ನ್ಯಾಗ ತೋರಿಸಬಹುದು. ಸಾಯೂ ಮಾತು ಬಂದ್ರ ಮಾತ್ರ ಭೇಟಿಗೆ ಕಾಯಬ್ಯಾಡ್ರಿ, ಒಬ್ಬಾಕಿನ್ನೇ ಬಿಡಬ್ಯಾಡ್ರಿ: ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕ ಫೋನ್ ಮಾಡ್ರಿ, ದಿನದ 24 ತಾಸೂ ಕನ್ನಡದಾಗ ಮಾತಾಡ್ತಾರ.