ಕಪ್ಪು ಗೆರೆ ಕೆತ್ತೋದಲ್ಲ ಮಾರಾಯ್ರೆ

ಚೀನಾದ ವುಡ್‌ಕಟ್ (ಮರದ ಹಲಗೆ ಕೆತ್ತಿ ಅಚ್ಚು ಹಾಕೋ ಚಿತ್ರ) ಬಗ್ಗೆ ನೀವು ಕಳಿಸಿದ ಲೇಖನ ನಿನ್ನೆ ರಾತ್ರಿ ಎರಡು ಸಲ ಓದಿದೆ. ಭಾಷೆ ಸರಾಗವಾಗಿದೆ, ಲೇಖಕ ರೌ ಶಿಯನ್ನ ಗುಂಡಿಟ್ಟು ಕೊಂದ 1931ರಲ್ಲೇ ಚೀನಾದ ಹೆಸರಾಂತ ಲೇಖಕ ಲೂ ಶುನ್ ಅವನ ನೆನಪಿಗೆ ಅಂತ ಜರ್ಮನ್ ಕಲಾವಿದೆ ಕೇಥೆ ಕೋಲ್ವಿಟ್ಸ್ ಚಿತ್ರವೊಂದನ್ನ ಪತ್ರಿಕೇಲಿ ಹಾಕ್ಸಿದ್ದು ಹೇಳಿದೀರಲ್ಲ, ಸಂತೋಷ. ಹೊಗಳಿಕೆ ಇಷ್ಟೇ.

ಇನ್ನು ಎರಡನೇ ಪ್ಯಾರಾ. ಕಲಾವಿದ ಲೀ ಹುವಾನ 1935ರ ವುಡ್‌ಕಟ್ ‘ಗರ್ಜಿಸು ಚೀನಾ’ ಬಗ್ಗೆ “ಎದೆಯ ನೋವನ್ನೆಲ್ಲ ಕಪ್ಪು ಗೆರೆಗಳಾಗಿ ಕೆತ್ತಿದ” ಅಂತ ಬರ್ದಿದೀರಿ. ಕಪ್ಪು ಗೆರೆ ಕೆತ್ತೋಕಾಗಲ್ಲ ಮಾರಾಯ್ರೆ! ಉಳಿ ಹೋದಲ್ಲಿ ತಗ್ಗು, ಶಾಯಿ ತಾಗಲ್ಲ, ಬಿಳಿ; ಮುಟ್ಟದೆ ಬಿಟ್ಟಲ್ಲಿ ಕಪ್ಪು. ಆ ಚಿತ್ರದಲ್ಲಿ ಕಂಬಕ್ಕೆ ಬಿಗಿದ, ಕಣ್ಣಿಗೆ ಬಟ್ಟೆ ಕಟ್ಟಿದ ಬೆತ್ತಲೆ ಮನುಷ್ಯ, ಸುತ್ತ ಬರೀ ಬಿಳಿ, ಅಂದ್ರೆ ಅಷ್ಟೂ ಬಿಳಿಯನ್ನ ಲೀ ಹುವಾ ಕೂತು ಕೆರೆದು ತೆಗ್ದು ಹಗ್ಗ, ಮೈಕಟ್ಟು, ತೆರೆದ ಬಾಯಿ ಉಳಿಸಿಕೊಂಡಿದಾನೆ. ಮೊದಲೆಲ್ಲ ಅಲ್ಲಿ ಬರೆಯೋನೊಬ್ಬ, ಕೆತ್ತೋನೊಬ್ಬ, ಅಚ್ಚು ಹಾಕೋನೊಬ್ಬ. ಲೀ ಹುವಾನಂಥ ಈ ಹೊಸ ಹುಡುಗರು ಮೂರನ್ನೂ ಒಂದೇ ಕೈಗೆ ತಂದ್ರು, ನಿಮ್ಮ ‘ಸ್ವಂತ ಅಭಿವ್ಯಕ್ತಿ’ ಇರೋದೇ ಅಲ್ಲಿ. ‘ನೋವು’ ಅನ್ನೋ ಪದ ಆ ಪ್ಯಾರಾದಲ್ಲಿ ಆರು ಸಲ ಇದೆ, ಚಿತ್ರದಲ್ಲಿ ಆ ಕಟ್ಟಿಹಾಕಿದ ಮನುಷ್ಯನ ಕೈ ಚಾಕು ಕಡೆ ಚಾಚಿರೋದು ಒಂದು ಸಲವೂ ಇಲ್ಲ.

ನಾನು ಟ್ರೈನಿಯಾಗಿ ಸೇರಿದ್ದು ಅಚ್ಚಿನ ಮೊಳೆ ಜೋಡಿಸೋ ಕಾಲದ ಒಂದು ಸಣ್ಣ ಪ್ರೆಸ್ಸಲ್ಲಿ. ಇಂಥದ್ದೇ ಏನೋ ಬರ್ಕೊಂಡು ಹೋಗಿದ್ದೆ, ಫೋರ್‌ಮನ್ ಓದ್ಲಿಲ್ಲ, ಒಂದು ಬ್ಲಾಕ್ ಕೈಗಿಟ್ಟು ಕಣ್ಮುಚ್ಚಿ ಸವರು ಅಂದ್ರು, ಯಾವುದು ಶಾಯಿ ಹಿಡಿಯುತ್ತೆ ಹೇಳು ಅಂದ್ರು. ತಪ್ಪು ಹೇಳಿದೆ. ವಾರಗಟ್ಲೆ ಎಲ್ಲರೂ ಆಡ್ಕೊಂಡ್ರು, ಬೆರಳಿನ ಕರಿಯಂತೂ ಊಟಕ್ಕೆ ಕೂತಾಗ್ಲೂ ಹೋಗ್ತಿರಲಿಲ್ಲ.

ಇನ್ನೊಂದು. “1931ರಲ್ಲಿ ಲೂ ಶುನ್ ಶಾಂಘೈ ಹುಡುಗರಿಗೆ ವುಡ್‌ಕಟ್ ಕಲಿಸಿದ” ಅಂತ ಬರ್ದಿದೀರಿ. ಕಲಿಸಿದ್ದು ಅವನಲ್ಲ, ಶಾಂಘೈನಲ್ಲಿ ಪುಸ್ತಕದಂಗಡಿ ಇಟ್ಟಿದ್ದ ಜಪಾನಿನ ಉಚಿಯಾಮಾನ ತಮ್ಮ ಕಾಕಿಚಿ, ಆಗಸ್ಟಲ್ಲಿ ಆರು ದಿನ, 13 ಜನಕ್ಕೆ. ಲೂ ಶುನ್ ಪಕ್ಕದಲ್ಲಿ ನಿಂತು ಜಪಾನಿ ಮಾತನ್ನ ಚೀನಿಗೆ ಹೇಳ್ತಿದ್ದ. ಅಷ್ಟು ದೊಡ್ಡ ಲೇಖಕ, ಆರು ದಿನ ಇನ್ನೊಬ್ಬನ ಮಾತಿಗೆ ಬಾಯಾಗಿ ನಿಂತಿದ್ದ, ಅದನ್ನ ನೀವು ಒಂದು ‘ಕಲಿಸಿದ’ದಲ್ಲಿ ನುಂಗಿಬಿಟ್ರಿ. ನನ್ನ ಅರ್ಧ ಆಯಸ್ಸು ಅನುವಾದದಲ್ಲೇ ಹೋಗಿದೆ, ಅದಕ್ಕೇ ಸಿಟ್ಟು ಬಂತು ಅಂತಿಟ್ಕೊಳ್ಳಿ.

ಮಿಕ್ಕಿದ್ದು ಹಾಗೇ ಇರಲಿ. ಒಂದು ಪೆನ್ಸಿಲ್ ರಬ್ಬರ್ ತಗೊಂಡು ಬ್ಲೇಡಲ್ಲಿ ಒಂದು ಕಣ್ಣು ಕೆತ್ತಿ, ಶಾಯಿ ಹಚ್ಚಿ ಒತ್ತಿ ನೋಡಿ, ಆಮೇಲೆ ಎರಡನೇ ಪ್ಯಾರಾ ಮಾತ್ರ ಬರೆದು ಕಳಿಸಿ.