ಮಗಳನ್ನು ಒಂಬತ್ತನೇ ತರಗತಿಯಲ್ಲೇ ಇನ್ನೊಂದು ವರ್ಷ ಕೂರಿಸಲಾ?

ಬೇಡ. ಗಣಿತದಲ್ಲಿ ಹೇಗೋ ದಾಟಿದ್ದಾಳೆ, ಹತ್ತಕ್ಕೆ ಕಳಿಸೋಕೆ ಭಯ ಅಂತ ಬರೆದಿದ್ದೀರಿ. ನಮ್ಮ ಮನೆಯಲ್ಲೂ ಇದೇ ಮಾತಾಗಿತ್ತು. ಕೊಡಗಿನ ಸೋಮವಾರಪೇಟೆ ಕಡೆಯ ಹಳ್ಳಿ ನಮ್ಮದು. ಅಪ್ಪ ಕೂರಿಸೋಣ ಅಂದರು, ಅಮ್ಮ ಒಪ್ಪಲಿಲ್ಲ.

ನಾನು ಎಸ್ಸೆಸ್ಸೆಲ್ಸಿ ಬರೆದದ್ದು 2019ರಲ್ಲಿ. ಅದರ ಹಿಂದಿನ ಆಗಸ್ಟಿನಲ್ಲೇ ಗುಡ್ಡ ಕುಸಿದದ್ದು. ಶಾಲೆಗೆ ರಜೆಯ ಮೇಲೆ ರಜೆ. ಆದರೆ ನನ್ನನ್ನು ಮುಳುಗಿಸಿದ್ದು ಮಳೆ ಅಲ್ಲ, ನನ್ನ ಲೆಕ್ಕ. ಗಣಿತಕ್ಕೆ ಲಿಖಿತ 80, ಆಂತರಿಕ 20. ಪಾಸಾಗಲು 35. ಆಂತರಿಕದಲ್ಲಿ ಮೇಷ್ಟ್ರು ಕೈಬಿಡಲ್ಲ, 18 ಗ್ಯಾರಂಟಿ. ಹಾಗಾದರೆ ಪೇಪರಿನಲ್ಲಿ 17 ಬಂದರೆ ಸಾಕಲ್ವಾ? ಹೀಗೆಂದುಕೊಂಡು ತ್ರಿಕೋನಮಿತಿಯನ್ನು ಮುಟ್ಟಲೇ ಇಲ್ಲ. ಕಾಫಿ ಕೊಯ್ಲಿನ ದಿನಗಳಲ್ಲಂತೂ ಪುಸ್ತಕ ತೆರೆದದ್ದೇ ಕಮ್ಮಿ. ಲಿಖಿತದಲ್ಲಿ 24 ಬಂತು. ಒಟ್ಟು 42. ಫೇಲ್!

ಸೈಬರ್ ಸೆಂಟರಿನಲ್ಲಿ ಅಪ್ಪ ಕನ್ನಡಕ ಒರೆಸಿಕೊಂಡು ಪರದೆಯ ಹತ್ತಿರ ಬಗ್ಗಿದರು. "42 ಬಂದ್ರೂ ಫೇಲಾ?" ಹೌದು, ಫೇಲೇ. ಆಗಿನ ನಿಯಮದಲ್ಲಿ ಒಟ್ಟು 35 ಬಂದರೆ ಸಾಲದು, 80ರ ಲಿಖಿತದಲ್ಲೇ 28 ಬೇಕಿತ್ತು. ಆಂತರಿಕ ಅಂಕ ಪೂರ್ತಿ 20 ಸಿಕ್ಕಿದ್ದರೂ ಆ 28ರ ಕೊರತೆ ತುಂಬುತ್ತಿರಲಿಲ್ಲ. ಇದನ್ನು ಯಾರೂ ಹೇಳಿರಲಿಲ್ಲ ಅಂದರೆ ಸುಳ್ಳಾಗುತ್ತದೆ. ತರಗತಿಯಲ್ಲಿ ಹೇಳಿದ್ದರು. ನನ್ನ ತಲೆಯಲ್ಲಿ 35 ಅನ್ನೋದು ಮಾತ್ರ ಕೂತಿತ್ತು. ಜೂನಿನ ಪೂರಕ ಪರೀಕ್ಷೆಯಲ್ಲಿ ಪಾಸಾದೆ. ಅಷ್ಟೊತ್ತಿಗೆ ಹತ್ತಿರದ ಕಾಲೇಜಿನಲ್ಲಿ ಸೈನ್ಸ್ ಸೀಟು ಮುಗಿದಿತ್ತು, ಕಾಮರ್ಸ್ ಸೇರಿದೆ.

ಈಗ ಅಷ್ಟು ಹೆದರಬೇಕಿಲ್ಲ. 2024ರಿಂದ ಪೂರಕ ಪರೀಕ್ಷೆ ಹೋಗಿ, ಅದೇ ವರ್ಷ ಒಂದಕ್ಕಿಂತ ಹೆಚ್ಚು ಸಲ ಪರೀಕ್ಷೆ ಬರೆಯುವ ಅವಕಾಶ ಬಂದಿದೆ. ಹೆಚ್ಚು ಬಂದ ಅಂಕವನ್ನೇ ಉಳಿಸಿಕೊಳ್ಳಬಹುದು. 2025-26ರಿಂದ ಪಾಸಿನ ಮಿತಿಯನ್ನೂ ಶೇ. 33ಕ್ಕೆ, ಅಂದರೆ ಎಲ್ಲ ವಿಷಯ ಸೇರಿ 625 ಅಂಕಗಳಲ್ಲಿ 206ಕ್ಕೆ ಇಳಿಸಿದ್ದಾರೆ. ಹೀಗಿರುವಾಗ ಒಂದಿಡೀ ವರ್ಷ ಯಾಕೆ ಕಳೆಯಬೇಕು? ಜೊತೆಯವರೆಲ್ಲ ಮುಂದೆ ಹೋಗಿ, ಹುಡುಗಿ ಅದೇ ಪುಸ್ತಕ ಹಿಡಿದು ಕೂತರೆ ಗಣಿತ ಇನ್ನಷ್ಟು ಬೇಜಾರಾಗುತ್ತದೆ, ಅಷ್ಟೇ.

ಕೂರಿಸೋದಾ ಬೇಡವಾ ಅನ್ನೋ ಪ್ರಶ್ನೆಯನ್ನೇ ಬಿಡಿ. ಶಾಲೆಗೆ ಹೋಗಿ ಅವಳ ಒಂಬತ್ತರ ಉತ್ತರ ಪತ್ರಿಕೆ ಕೇಳಿ. ಯಾವ ಪಾಠದ ಲೆಕ್ಕಗಳನ್ನು ಖಾಲಿ ಬಿಟ್ಟಿದ್ದಾಳೆ ನೋಡಿ. ಆ ಪಾಠಗಳನ್ನು ಈ ಬೇಸಿಗೆ ರಜೆಯಲ್ಲೇ ಮುಗಿಸಿ. ಜೂನಾದ ಮೇಲೆ ನಮ್ಮೂರಲ್ಲಿ ಮಳೆ, ರಜೆ, ಕರೆಂಟ್ ಕಟ್. ಆಗ ಕಲಿಸ್ತೀನಿ ಅಂದ್ಕೊಂಡ್ರೆ ಆಗಲ್ಲ.