‘ಮಂದಬುದ್ಧಿ’, ‘ಮೆಂಟಲ್’ ಅಂತ ಗೆಳೆಯರ ನಡುವೆ ತಮಾಷೆಗೆ ಬೈಯುವುದು ನಿಜವಾಗಿಯೂ ತಪ್ಪೇ?

ಗೆಳೆಯರ ನಡುವೆ ತಮಾಷೆಗೆ ‘ಮಂದಬುದ್ಧಿ’ ಅಂತ ಬೈದೆ, ಬೌದ್ಧಿಕ ಅಂಗವೈಕಲ್ಯ ಇರುವವರು ಯಾರೂ ಅಲ್ಲಿರಲಿಲ್ಲ, “ಇದ್ದರೂ ಅವರಿಗೆ ಅರ್ಥ ಆಗಲ್ಲ” ಅಂತ ಬರೆದಿದ್ದೀರಲ್ಲ, ಆ ಸಾಲಿನ ಹತ್ತಿರ ನಾನು ನಿಂತುಬಿಟ್ಟೆ. ಆ ಬೈಗುಳಕ್ಕೆ ನಿಮ್ಮ ಗೆಳೆಯ ಮುನಿಸಿಕೊಂಡಿದ್ದಾನೆ, ಅವನ ತಂಗಿಗೆ ಬೌದ್ಧಿಕ ಅಂಗವೈಕಲ್ಯ ಇದೆ ಅಂತಲೂ ಬರೆದಿದ್ದೀರಿ. ಅವರಿಗೆ ಅರ್ಥ ಆಗುತ್ತೆ. ನನಗೆ ಅದು ಗೊತ್ತಾಗಿದ್ದು 2019ರ ಜನವರಿಯಲ್ಲಿ, ನಮ್ಮ ಕಾಫಿ ಕಣದಲ್ಲಿ.

ನಮ್ಮದು ಸೋಮವಾರಪೇಟೆ ಕಡೆ ಸಣ್ಣ ತೋಟ. ದೊಡ್ಡಮ್ಮನ ಮಗ ನನಗಿಂತ ಆರು ವರ್ಷ ದೊಡ್ಡವನು. ಓದು ಎರಡನೇ ಕ್ಲಾಸಿಗೇ ನಿಂತಿತು. ದುಡ್ಡು ಎಣಿಸೋದು ಕಷ್ಟ, ಗಡಿಯಾರ ನೋಡಲು ಬರಲ್ಲ. ಆದರೆ ಕುಯ್ಲು ಶುರುವಾದರೆ ಕಣ ಅವನದು. ಬೆಳಿಗ್ಗೆ ಟಾರ್ಪಾಲು ತೆಗೆದು ಹಣ್ಣು ಹರಡುತ್ತಿದ್ದ. ಉದ್ದ ಹಿಡಿಯ ಮರದ ಹಲಗೆಯಲ್ಲಿ ಮತ್ತೆ ಮತ್ತೆ ಎಳೆದು ತಿರುಗಿಸುತ್ತಿದ್ದ. ಮಧ್ಯೆ ಒಂದು ಹಿಡಿ ಕಾಫಿ ಎತ್ತಿ ಕಿವಿ ಹತ್ತಿರ ಅಲ್ಲಾಡಿಸುತ್ತಿದ್ದ. ಒಳಗೆ ಬೀಜ ಗಲಗಲ ಅಂದರೆ ಒಣಗಿದೆ ಅಂತ ಲೆಕ್ಕ. ಅಣ್ಣ “ಇನ್ನೂ ಎರಡು ಬಿಸಿಲು ಬೇಕು” ಅಂದರೆ ಎರಡು ಬಿಸಿಲು ಬೇಕೇ ಬೇಕು. ಅವನ ಮಾತು ಮೀರಿ ನಾನು ಮೂಟೆ ಕಟ್ಟಿಸಿದ್ದಿಲ್ಲ.

ಆ ಜನವರಿಯಲ್ಲಿ ಕೆಲಸದ ಹುಡುಗನೊಬ್ಬ ಸಂಜೆ ಒಂದು ರಾಶಿಗೆ ಟಾರ್ಪಾಲು ಮುಚ್ಚೋದು ಮರೆತ. ರಾತ್ರಿ ಇಬ್ಬನಿ ಬಿದ್ದು ಬೆಳಿಗ್ಗೆ ಕಾಫಿ ಒದ್ದೆ. ನನಗೆ ರೇಗಿಹೋಯ್ತು. ಎಲ್ಲರ ಮುಂದೆ, “ಏನೋ, ನೀನೇನು ಮಂದಬುದ್ಧಿನಾ? ಒಂದ್ಸಲ ಹೇಳಿದ್ರೆ ತಲೆಗೆ ಹೋಗಲ್ವಾ?” ಅಂದೆ. ಕಣದಲ್ಲಿದ್ದವರು ನಕ್ಕರು. ಅಣ್ಣನೂ ನಕ್ಕ. ಅವನೂ ಅಲ್ಲೇ ಇದ್ದಾನೆ ಅಂತ ನನಗೆ ಆಗ ಹೊಳೆಯಿತು. ತಿರುಗಿ, “ಅಯ್ಯೋ ಅಣ್ಣಾ, ನಿನಗಲ್ಲ ಹೇಳಿದ್ದು” ಅಂದೆ.

ಅವನ ನಗು ನಿಂತಿತು. ಹಲಗೆಯನ್ನು ಗೋಡೆಗೆ ಒರಗಿಸಿದ. ಬೇರೆ ದಿನ ಆಗಿದ್ದರೆ ಅದಕ್ಕೆ ಅಂಟಿದ ಸಿಪ್ಪೆಯನ್ನು ಹೆಬ್ಬೆರಳಲ್ಲಿ ಉಜ್ಜಿ ತೆಗೆದೇ ಇಡುತ್ತಿದ್ದ. ಅವತ್ತು ತೆಗೆಯಲಿಲ್ಲ. ಸುಮ್ನೆ ಮನೆಗೆ ಹೋದ.

ತಪ್ಪು ಎಲ್ಲಿ ಆಯ್ತು ಅಂತ ಬಿಡಿಸಿ ಹೇಳುತ್ತೇನೆ. ಯಾರಿಗೆ ಹೇಳಿದರೂ “ಬೈದದ್ದು ತಪ್ಪು ಬಿಡಿ” ಅಂತಾರೆ. ಬೈದದ್ದು ತಪ್ಪೇ. ಆದರೆ ಅಣ್ಣನಿಗೆ ನೋವಾಗಿದ್ದು ನಾನು ಸಮಾಧಾನಕ್ಕೆ ಅಂತ ಆಡಿದ ಮಾತಿನಿಂದ. ಬೈದಾಗ ಅವನು ನಕ್ಕಿದ್ದ. ಅದು ಆ ಹುಡುಗನಿಗೆ ಬಿದ್ದ ಬೈಗುಳ ಅಂತಲೇ ಅವನ ಮನಸ್ಸಲ್ಲಿತ್ತು. ಅಲ್ಲಿ ಹತ್ತು ಜನ ಇದ್ದರು. ಮೇಸ್ತ್ರಿಗೆ ನಾನು “ನಿಮಗಲ್ಲ” ಅನ್ನಲಿಲ್ಲ. ನನ್ನ ಅಪ್ಪನಿಗೆ ಅನ್ನಲಿಲ್ಲ. ಅವನೊಬ್ಬನನ್ನೇ ಹುಡುಕಿ ಹೇಳಿದೆ. ಈ ಪದ ಬಾಯಿಗೆ ಬಂದರೆ ನನಗೆ ನೆನಪಾಗೋದು ನೀನೇ ಅಂತ ಹತ್ತು ಜನರ ಎದುರು ಸಾರಿದ ಹಾಗಾಯ್ತು. ಒಟ್ಟಿಗೆ ಉಂಡು ಬೆಳೆದ ತಮ್ಮ ತನ್ನನ್ನು ಒಳಗೊಳಗೆ ಏನಂತ ಕರೀತಾನೆ ಅನ್ನೋದು ಅವನಿಗೆ ಆಗ ಗೊತ್ತಾಯ್ತು. ನಾನು ಆ ಹುಡುಗನ ಕಡೆ ತಿರುಗಿ “ಹಾಗೆ ಅನ್ನಬಾರದಿತ್ತು, ತಪ್ಪಾಯ್ತಪ್ಪ” ಅಂದಿದ್ದರೆ ಸಾಕಿತ್ತು. ಅಣ್ಣನ ಮುಖ ನೋಡುವ ಅಗತ್ಯವೇ ಇರಲಿಲ್ಲ.

ಆಮೇಲಾದರೂ ಹೋಗಿ ಮಾತಾಡಿದೆನಾ, ಅದೂ ಇಲ್ಲ. ನಾಲ್ಕು ದಿನ ಬಿಟ್ಟರೆ ಮರೀತಾನೆ ಅಂದುಕೊಂಡೆ. ನಿಮ್ಮ ಗೆಳೆಯನ ಬಗ್ಗೆ ನೀವು ಅಂದುಕೊಂಡ ಹಾಗೇ. ಅವನು ಆ ಕುಯ್ಲು ಮುಗಿಯುವವರೆಗೂ ಕಣಕ್ಕೆ ಕಾಲಿಡಲಿಲ್ಲ. ವರ್ಷದ ಕೊನೆಗೆ ನಮ್ಮ ಕೊಡಗಿನ ಸುಗ್ಗಿ ಹಬ್ಬ ಹುತ್ತರಿ ಬಂತು. ಕದಿರು ತೆಗೆಯಲು ಗದ್ದೆಗೆ ಹೊರಟಾಗ ದೊಡ್ಡಮ್ಮ ಒಬ್ಬರೇ ಬಂದರು. “ಅವನಿಗೆ ಹುಷಾರಿಲ್ಲ” ಅಂದರು. ಹುಷಾರಾಗೇ ಇದ್ದ ಅಂತ ಇಬ್ಬರಿಗೂ ಗೊತ್ತಿತ್ತು.

ಆ ಹೊತ್ತಿಗೆ ಅವನಿಗೆ ಯುಡಿಐಡಿ ಕಾರ್ಡ್, ಅಂದರೆ ಅಂಗವೈಕಲ್ಯ ಇರುವವರಿಗೆ ಸರ್ಕಾರ ಕೊಡುವ ಗುರುತಿನ ಚೀಟಿ, ಮಾಡಿಸಬೇಕಿತ್ತು. ಮಡಿಕೇರಿಗೆ ಹೋಗಿ ಡಾಕ್ಟರ ಮುಂದೆ ಕೂರಬೇಕು. ಅವನ ಹಳೇ ಸರ್ಟಿಫಿಕೇಟಿನಲ್ಲಿ ‘ಬುದ್ಧಿಮಾಂದ್ಯ’ ಅಂತಿತ್ತು. ಓದಲು ಬರದಿದ್ದರೂ ಅದರಲ್ಲಿ ಏನಿದೆ ಅಂತ ಅವನಿಗೆ ಗೊತ್ತು, ಚಿಕ್ಕಂದಿನಿಂದ ಅವನ ಎದುರೇ ಓದಿ ಹೇಳಿದ್ದಾರಲ್ವಾ. “ಅಲ್ಲೂ ಅದನ್ನೇ ಬರೀತಾರೆ. ನನಗೆ ಬೇಡ” ಅಂದುಬಿಟ್ಟ. 1995ರ ಅಂಗವಿಕಲರ ಕಾಯ್ದೆಯಲ್ಲಿದ್ದ ‘ಮೆಂಟಲ್ ರಿಟಾರ್ಡೇಶನ್’ ಅನ್ನೋ ಪದ 2016ರ ಕಾಯ್ದೆಯಲ್ಲಿ ಹೋಗಿದೆ, ಈಗ ಬೌದ್ಧಿಕ ಅಂಗವೈಕಲ್ಯ ಅಂತಾರೆ ಅಂತ ದೊಡ್ಡಮ್ಮನ ಮೂಲಕ ಹೇಳಿ ಕಳಿಸಿದೆ. ಕೇಳಲಿಲ್ಲ. ಎರಡು ವರ್ಷ ಹಾಗೇ ಹೋಯ್ತು. ಬಸ್ ಪಾಸಿಗೆ, ಮಾಸಾಶನಕ್ಕೆ ದೊಡ್ಡಮ್ಮ ಅಲೆದದ್ದು ನನ್ನ ಬಾಯಿಯಿಂದ.

ಪದ ಬದಲಿಸಿದರೆ ಏನು ಉಪಯೋಗ ಅಂತ ಕೇಳಿದ್ದೀರಿ. ಇಡಿಯಟ್, ಇಂಬೆಸೈಲ್, ಮೋರಾನ್, ಮೂರೂ ಒಂದು ಕಾಲಕ್ಕೆ ಡಾಕ್ಟರು ಬರೆಯುತ್ತಿದ್ದ ಪದಗಳೇ. ಮೋರಾನ್ ಅನ್ನೋದನ್ನು 1910ರಲ್ಲಿ ಅಮೆರಿಕದ ಹೆನ್ರಿ ಗಾಡರ್ಡ್ ಅನ್ನೋ ಮನಶ್ಶಾಸ್ತ್ರಜ್ಞ ಹುಟ್ಟುಹಾಕಿದ್ದು. ಜನ ಅವನ್ನು ಬೈಗುಳ ಮಾಡಿಕೊಂಡರು. ಆಮೇಲೆ ಅಲ್ಲಿ ‘ರಿಟಾರ್ಡೆಡ್’ ಕೂಡ ಬೈಗುಳವಾಯ್ತು, 2010ರಲ್ಲಿ ರೋಸಾಸ್ ಲಾ ಅಂತ ಕಾಯ್ದೆ ತಂದು ಆ ಪದ ತೆಗೆಯಬೇಕಾಯ್ತು. ನಮ್ಮ ಬುದ್ಧಿಮಾಂದ್ಯದ್ದೂ ಅದೇ ಕಥೆ. ಹೊಸ ಪದವನ್ನೂ ಬೈಯಲು ಬಳಸಿದರೆ ಅದೂ ಕೆಡುತ್ತೆ, ನಿಜ. ಅದಕ್ಕೇ ನಿಮ್ಮ ಪ್ರಶ್ನೆಯೇ ಸರಿ ಇಲ್ಲ ಅಂತ ನನಗನಿಸುತ್ತೆ. ಯಾವ ಪದ ಓಕೆ, ಯಾವುದು ಓಕೆ ಅಲ್ಲ ಅಂತ ಪಟ್ಟಿ ಕೇಳುತ್ತಿದ್ದೀರಿ. ಒಬ್ಬ ಮನುಷ್ಯನ ಸರ್ಟಿಫಿಕೇಟಿನಲ್ಲಿ ಬರೆದದ್ದನ್ನು ಇನ್ನೊಬ್ಬನಿಗೆ ಬೈಯಲು ಎತ್ತಿಕೊಳ್ಳಬೇಡಿ, ಅಷ್ಟೇ. ‘ಮೆಂಟಲ್’ ಕೂಡ ಬೇಡ. ಅದು ಮಾನಸಿಕ ಕಾಯಿಲೆ ಇರುವವರಿಗೆ ಎಸೆಯುವ ಮಾತು. ಆ ಕಾಯಿಲೆಯೇ ಬೇರೆ, ಬೌದ್ಧಿಕ ಅಂಗವೈಕಲ್ಯವೇ ಬೇರೆ.

ಹಾಗಂತ ‘ದೇವರ ಮಗು’ ಅಂತಲೂ ಕರೀಬೇಡಿ. ನನ್ನ ಅಣ್ಣನಿಗೆ ನಲವತ್ತು ದಾಟಿದೆ. ಸಂತೆಗೆ ಹೊರಟರೆ ಇಸ್ತ್ರಿ ಶರ್ಟ್ ಬೇಕು, ಮೀಸೆ ಸರಿಯಾಗಿರಬೇಕು. ಅವನನ್ನು ಮಗು ಅಂದರೆ ಅವನಿಗೆ ಅದೂ ಇಷ್ಟ ಆಗಲ್ಲ.

ಕೇಸ್ ಆಗುತ್ತಾ ಅಂತಲೂ ಕೇಳಿದ್ದೀರಿ. 2016ರ ಕಾಯ್ದೆಯ ಸೆಕ್ಷನ್ 92ರಲ್ಲಿ, ಅಂಗವೈಕಲ್ಯ ಇರುವವರನ್ನು ಅವಮಾನಿಸಬೇಕು ಅಂತಲೇ ಸಾರ್ವಜನಿಕವಾಗಿ ನಿಂದಿಸಿದರೆ ಆರು ತಿಂಗಳಿಂದ ಐದು ವರ್ಷದವರೆಗೆ ಜೈಲು ಮತ್ತು ದಂಡ ಇದೆ. ನಾನು ಮಾಡಿದ್ದು ಅದರೊಳಗೆ ಬರಲ್ಲ ಅಂದುಕೊಂಡಿದ್ದೇನೆ. ಅದರಿಂದ ನನಗೆ ಒಂದು ದಿನವೂ ಸಮಾಧಾನ ಆಗಿಲ್ಲ.

2021ರಲ್ಲಿ ಕೊನೆಗೂ ದೊಡ್ಡಮ್ಮನ ಮನೆಗೆ ಹೋದೆ. ಅಣ್ಣ ಜಗಲಿಯಲ್ಲಿ ಕೂತು ಒಳ್ಳೆಮೆಣಸು ಆರಿಸುತ್ತಿದ್ದ. ಪಕ್ಕದಲ್ಲಿ ಕೂತು, “ಅವತ್ತು ಕಣದಲ್ಲಿ ಆಡಿದ ಮಾತು ತಪ್ಪು ಅಣ್ಣಾ” ಅಂದೆ. ಬಹಳ ಹೊತ್ತು ಕಡ್ಡಿ ಆರಿಸುತ್ತಲೇ ಇದ್ದ. ಆಮೇಲೆ, “ಆ ಹುಡುಗನಿಗೆ ಹೇಳಿದ್ಯಾ?” ಅಂತ ಕೇಳಿದ.

ಹೇಳಿರಲಿಲ್ಲ. ಬೈಸಿಕೊಂಡವನು ಅವನು ಅನ್ನೋದೇ ನನಗೆ ಮರೆತುಹೋಗಿತ್ತು. ಅಣ್ಣ ನೆನಪಿಟ್ಟುಕೊಂಡಿದ್ದ. ಹುಡುಗ ಕುಶಾಲನಗರದಲ್ಲಿ ಕೆಲಸಕ್ಕಿದ್ದ, ಅಲ್ಲೇ ಕೂತು ಫೋನ್ ಮಾಡಿದೆ. ಅಣ್ಣ ಕೇಳಿಸಿಕೊಂಡ. ಮುಂದಿನ ತಿಂಗಳು ಮಡಿಕೇರಿಗೆ ಬರಲು ಒಪ್ಪಿದ.

ನಿಮ್ಮ ಗೆಳೆಯನಿಗೆ ಇವತ್ತೇ ಫೋನ್ ಮಾಡಿ. ಅವತ್ತು ನೀವು ಆ ಪದದಲ್ಲಿ ಯಾರನ್ನು ಬೈದಿರೋ ಅವರ ಹತ್ತಿರವೂ ತಪ್ಪಾಯ್ತು ಅನ್ನಿ. “ನಿನ್ನ ತಂಗಿಗೆ ಹೇಳಿದ್ದಲ್ಲ ಮಾರಾಯ” ಅಂತ ಮಾತ್ರ ಅನ್ನಬೇಡಿ.